ಕೋಲು ಮುಂದ, ಕುರಿ ಹಿಂದ: ನಮ್ಮ ಸಕ್ಕರೆ ಕೋಣೆಯ ಲೆಕ್ಕಗಳು

ನಮ್ಮ ಆಸ್ಪತ್ರೆಯ ಸಕ್ಕರೆ ಕಾಯಿಲೆ ಕೋಣೆಯಲ್ಲಿ ನಗು ಬರುವಂಥದ್ದೇನೂ ನಡೆಯದೆ ಒಂದು ವಾರ ಸರಿದುಹೋಗಿದೆ ಎಂದರೆ, ಆ ವಾರ ನಾನು ರಜೆ ಹಾಕಿದ್ದೆ ಎಂದೇ ತಿಳಿಯಬೇಕು. ಮೊದಲು ಸುರಪುರ, ಆಮೇಲೆ ಯಾದಗಿರಿ, ಈಗ ಶಹಾಪುರ, ಹೀಗೆ ಎಲ್ಲಿಗೆ ವರ್ಗವಾದರೂ ಮಂದಿಯ ಬಾಯಲ್ಲಿ ನಾನು ಅಕ್ಕೋರು, ಕೆಲಸವೂ ಒಂದೇ. ಬೆರಳು ಚುಚ್ಚಿ ರಕ್ತ ನೋಡುವುದು, ಬಂದ ಅಂಕಿಯನ್ನು ತಿಳಿಸಿ ಹೇಳುವುದು, ಏನು ತಿನ್ನಬೇಕು, ಏನು ಬಿಡಬೇಕು ಎಂದು ಗಂಟಲು ಹರಿಯುವಂತೆ ಒದರುವುದು. ಅಂಕಿ ಹೇಳುವುದೇನೋ ಸುಲಭ. ಅದು ಆಸ್ಪತ್ರೆಯ ಗೇಟು ದಾಟಿ, ಬಸ್ಸು ಹತ್ತಿ, ಊರು ಮುಟ್ಟುವಷ್ಟರಲ್ಲಿ ಬೇರೆಯೇ ಏನೋ ಆಗಿರುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ, ಬಾಯಿಯೂ ಜೋರು. ಆದರೆ ಈ ಮಂದಿಯ ಮುಂದೆ ಆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ, ಅದೇ ನನ್ನ ಕಷ್ಟ.

ಇಷ್ಟು ಯಾರು ಮೇಯಿಸ್ಯಾರ

ಶಿರವಾಳದಿಂದ ಒಬ್ಬ ಮುತ್ಯಾ, ಒಬ್ಬ ಆಯಿ ಬಂದರು. ನಮ್ಮ ಕಡೆ ಅಜ್ಜ ಮುತ್ಯಾ, ಅಜ್ಜಿ ಆಯಿ. ಕುರಿ ಸಾಕಿ, ಒಣ ಬೇಸಾಯ ಮಾಡಿಕೊಂಡಿರುವ ಮನೆತನ. ಮುತ್ಯಾ ಆಸ್ಪತ್ರೆಯೊಳಕ್ಕೂ ಕೋಲು ಹಿಡಿದೇ ಬಂದಿದ್ದರು. ಆಯಿ ಅವರ ಹೆಗಲ ಮೇಲೆ ಕೈಯಿಟ್ಟು ಹಿಂದೆ ನಡೆದು ಬಂದಳು, ಯಾಕೆಂದರೆ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಿನ ಡಾಕ್ಟರು ಆಪರೇಷನ್‌ಗೆ ಒಪ್ಪಿದ್ದರು, ಆದರೆ ಸಕ್ಕರೆ ಎರಡು ನೂರರೊಳಗೆ ಇಳಿಸಿಕೊಂಡು ಬಾ ಎಂದು ನನ್ನ ಬಳಿ ಕಳಿಸಿದ್ದರು.

ಆಯಿಗೆ ಅವಸರವಿತ್ತು. ಮಗಳು ಮದುವೆಯಾಗಿ ಬಹಳ ವರ್ಷದ ಮೇಲೆ ಬಸುರಾಗಿದ್ದಳು. ಹುಟ್ಟುವ ಕೂಸಿಗೆಂದು ಆಯಿ ಹಳೆಯ ಸೀರೆಗಳನ್ನು ಕೂಡಿಸಿ ಒಂದು ಕೌದಿ ಹೊಲಿಯಲು ಹಿಡಿದಿದ್ದಳು. ಅದು ಅರ್ಧಕ್ಕೆ ಬರುವಷ್ಟರಲ್ಲಿ ಸೂಜಿಗೆ ದಾರ ಪೋಣಿಸುವುದೇ ಆಗದಾಯಿತು. ಸೊಸೆ ಹೊಲಿದುಕೊಡುತ್ತೇನೆ ಎಂದರೂ ಕೊಡಲಿಲ್ಲವಂತೆ. ನನ್ನ ಕೈ ಹಿಡಿದು, "ಕೂಸು ಬರೂದ್ರಾಗ ಕೌದಿ ಮುಗೀಬೇಕು. ಅದರ ಮಾರಿ ನಾ ಕಣ್ಣಾರೆ ನೋಡಬೇಕು. ಅಷ್ಟು ಮಾಡಿಕೊಡು ಯವ್ವಾ" ಎಂದಳು.

ಚೀಟಿ ಬರೆಯುವಾಗ ಗಂಡನ ಹೆಸರು ಕೇಳಿದೆ. ಆಯಿ ಸೆರಗು ಬಾಯಿಗೆ ಹಿಡಿದು ಪಕ್ಕದಲ್ಲಿದ್ದ ಮುತ್ಯಾನಿಗೆ ಮೊಣಕೈಯಿಂದ ತಿವಿದಳು. ಹೇಳು ಎಂದು ನಾನು ಒತ್ತಾಯ ಮಾಡಿದರೆ ತಲೆ ತಗ್ಗಿಸಿಬಿಟ್ಟಳು. ಮದುವೆಯಾದಾಗಿನಿಂದ ಆ ಹೆಸರು ತನ್ನ ಬಾಯಲ್ಲಿ ಬಂದಿಲ್ಲ, ರೇಷನ್ ಕಾರ್ಡಿನವರು ಬಂದಾಗಲೂ ಹೇಳಿಲ್ಲ ಎಂದಳು. ಕೊನೆಗೆ ಮುತ್ಯಾನೇ ಎದೆಯುಬ್ಬಿಸಿ ತಮ್ಮ ಹೆಸರು ಹೇಳಿ ಬರೆಸಿದರು.

ಬೆರಳು ಚುಚ್ಚಿದೆ. ಮಶೀನಿನಲ್ಲಿ ಇನ್ನೂರಾ ಎಂಬತ್ತಾರು ಬಂತು. ಮುತ್ಯಾ ಕಣ್ಣು ಅರಳಿಸಿ ಹೆಂಡತಿಯನ್ನು ಮೇಲಿಂದ ಕೆಳಗಿನವರೆಗೂ ನೋಡಿದರು. ತಮ್ಮ ಇಡೀ ಹಟ್ಟಿಯಲ್ಲಿ ಇರುವುದೇ ಅದರ ಅರ್ಧದಷ್ಟು ಕುರಿಯಂತೆ.

"ಇನ್ನೂರಾ ಎಂಬತ್ತಾರು? ಅಕ್ಕೋರ, ಇಷ್ಟೆಲ್ಲಾ ಈಕಿ ಹೊಟ್ಟ್ಯಾಗ ಯಾರು ಮೇಯಿಸ್ಯಾರ?" ಎಂದು ನನ್ನನ್ನೇ ಕೇಳಿದರು.

ಅಣ್ಣನ ಚೀಟಿ, ತಮ್ಮನ ಬೆರಳು

ಆ ದಿನಗಳಲ್ಲಿಯೇ ಕೊಂಕಲ್‌ನ ರೈತರೊಬ್ಬರ ಚೀಟಿ ನನ್ನ ಮೇಜಿಗೆ ಬಂತು. ಹೆಸರು ಕೂಗಿದೆ, ಒಬ್ಬರು ಬಂದು ಕೂತು ಬೆರಳು ಚಾಚಿದರು. ನನಗೆ ಗೊತ್ತಿದ್ದ ರೈತನಿಗೆ ದೊಡ್ಡ ಮೀಸೆ ಇತ್ತು. ಇವರಿಗೆ ಮೀಸೆಯೂ ಇಲ್ಲ, ವಯಸ್ಸೂ ಕಮ್ಮಿ. ಯಾರಪ್ಪಾ ನೀನು ಎಂದೆ. ತಮ್ಮ ಎಂದರು. ಅಣ್ಣನ ಹೊಲಕ್ಕೆ ಮೆಣಸಿನಕಾಯಿ ಬಿಡಿಸುವ ಆಳುಗಳು ಬಂದಿದ್ದರಂತೆ, ಬಿಟ್ಟು ಬರಲು ಆಗಿಲ್ಲವಂತೆ. ಆ ಮನೆಯಲ್ಲಿ ರೇಷನ್ನಿಗೆ ಒಬ್ಬ ಹೋದರೆ ಎಲ್ಲರದೂ ಆಗುತ್ತದೆ, ಪಂಚಾಯಿತಿ ಸಭೆಗೆ ಒಬ್ಬ ಕೂತರೆ ಎಲ್ಲರೂ ಕೂತಂತೆ. ಇದೂ ಹಾಗೆಯೇ ಎಂದುಕೊಂಡಿದ್ದರು.

"ಒಂದೇ ತಾಯಿ ಹೊಟ್ಟ್ಯಾಗ ಹುಟ್ಟೀವ್ರಿ. ರಕ್ತ ಬ್ಯಾರೆ ಎಲ್ಲಿಂದ ಬರ್ತದ?" ಎಂದು ನನಗೇ ತಿಳಿಸಿ ಹೇಳಿದರು.

ನಾನು ಬೈದೆ. ಬೈಯುವಷ್ಟು ಬೈದ ಮೇಲೆ, ಚಾಚಿದ ಬೆರಳು ಚಾಚಿದಂತೆಯೇ ಇತ್ತಲ್ಲ, ಇರಲಿ ಎಂದು ಚುಚ್ಚಿ ನೋಡಿದೆ. ಅಣ್ಣನಿಗೆ ಎಂದೂ ಬಾರದಷ್ಟು ಸಕ್ಕರೆ ತಮ್ಮನಿಗಿತ್ತು. ಅಂಕಿ ಕೇಳಿದ್ದೇ ಆ ಮನುಷ್ಯನ ಮುಖ ಬಾಡಿತು. ಕಣ್ಣಲ್ಲಿ ನೀರೇ ಬಂತು. ಪಾಪ, ಹೆದರಿದ ಎಂದುಕೊಂಡು ನಾನು ಸಮಾಧಾನ ಹೇಳಲು ಹೊರಟೆ. ಅಷ್ಟರಲ್ಲಿ ಅವರು ಗಡಬಡಿಸಿ ಊರಿಗೆ ಫೋನು ಹಚ್ಚಿದರು.

"ಅಣ್ಣಾ, ನಿನ್ನ ಸಕ್ಕರಿ ಭಾಳ ಏರ್ಯಾದೋ. ಕೆಲಸ ಬಿಟ್ಟು ನೆರಳಿಗೆ ಕುಂದುರು, ನಾ ಬರಾಕತ್ತೀನಿ."

ದೊಡ್ಡ ಹಂಚು

ವಡಗೇರಾ ಕಡೆಯ ಗಂಡಹೆಂಡತಿ. ಗಂಡನಿಗೆ ಹೊತ್ತಿಗೆ ನಾಲ್ಕು ಜೋಳದ ರೊಟ್ಟಿಯ ಊಟ. ಎರಡಕ್ಕೆ ಇಳಿಸಿ, ಪಲ್ಯ ಜಾಸ್ತಿ ಮಾಡಿಕೊಳ್ಳಿ ಎಂದು ಹೇಳಿ ಕಳಿಸಿದ್ದೆ. ಮುಂದಿನ ಸಲ ಬಂದಾಗ ಸಕ್ಕರೆ ಒಂದಿಷ್ಟೂ ಇಳಿದಿರಲಿಲ್ಲ. ಕದ್ದು ತಿಂತಿಯೇನು ಎಂದು ಗಂಡನನ್ನು ಗದರಿಸಿದೆ. ಆತ ದೇವರ ಆಣೆ ಮಾಡಿ ಎರಡೇ ಎಂದ. ಹೆಂಡತಿಯೂ ಎರಡೇ ಎಂದಳು. ಇಬ್ಬರ ಮುಖದಲ್ಲೂ ಸುಳ್ಳಿನ ಸುಳಿವು ಇರಲಿಲ್ಲ.

ಗೋಡೆಗೆ ಒರಗಿ ಸರದಿ ಕಾಯುತ್ತಿದ್ದ ಶಿರವಾಳದ ಆಯಿ ನಡುವೆ ಬಾಯಿ ಹಾಕಿದಳು. ಕಣ್ಣು ಕಾಣದಿದ್ದರೂ ರೊಟ್ಟಿಯ ವಿಷಯದಲ್ಲಿ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಹಿಟ್ಟು ಎಷ್ಟು ನಾದುತ್ತಿ ಎಂದು ಆ ಹೆಂಗಸನ್ನು ಕೇಳಿದಳು. ಮೊದಲು ನಾದುತ್ತಿದ್ದಷ್ಟೇ ಎಂದು ಉತ್ತರ ಬಂತು. ದುಡಿಯುವ ಗಂಡನ ಹೊಟ್ಟೆಗೆ ಕಮ್ಮಿ ಮಾಡಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಆಸ್ಪತ್ರೆಯವರ ಮಾತು ಮೀರಲೂ ಬಾರದು. ಹಾಗಾಗಿ ನಾಲ್ಕರ ಹಿಟ್ಟಿನಲ್ಲೇ ಎರಡು ಬಡಿಯುತ್ತಿದ್ದಳು.

ಬೈಯುವುದನ್ನು ಅಲ್ಲಿಗೇ ಬಿಟ್ಟೆ. ಅಷ್ಟು ದೊಡ್ಡ ರೊಟ್ಟಿ ಬೇಯುವುದಾದರೂ ಹ್ಯಾಗೆ ಎಂದಷ್ಟೇ ಕೇಳಿದೆ.

"ಹಳೇ ಹಂಚು ಸಾಲವಲ್ದರಿ. ನೀವು ಹೇಳಿದ ಮ್ಯಾಲ ಸಂತ್ಯಾಗ ದೊಡ್ಡ ಹಂಚು ತಂದೀವಿ" ಎಂದಳು.

ಗೆದ್ದವನಿಗೆ ಭಜಿ

ಇದು ಸುರಪುರದಲ್ಲಿದ್ದಾಗಿನದು. ಅಲ್ಲಿ ಮುಂಜಾನೆ ಗುಡ್ಡದ ದಾರಿಯಲ್ಲಿ ವಾಕಿಂಗ್ ಹೋಗುವ ಹಿರಿಯರ ಒಂದು ಗುಂಪಿತ್ತು. ರಿಟೈರಾದ ಹೆಡ್‌ಮಾಸ್ತರು, ರಿಟೈರಾದ ಕಂಡಕ್ಟರು, ಒಬ್ಬ ಬಟ್ಟೆ ಅಂಗಡಿಯ ಸಾಹುಕಾರರು, ಹೀಗೆ. ಎಲ್ಲರಿಗೂ ಸಕ್ಕರೆ, ಎಲ್ಲರ ಮನೆಯಲ್ಲೂ ಮಶೀನು. ಸಂಜೆ ಹೋಟೆಲಿನಲ್ಲಿ ಕೂಡಿದಾಗ ತಂತಮ್ಮ ಅಂಕಿ ಹೇಳುವುದು, ಯಾರದು ಎಲ್ಲಕ್ಕಿಂತ ಕಮ್ಮಿಯೋ ಅವರು ಗೆದ್ದಂತೆ. ಗೆದ್ದವರಿಗೆ ಉಳಿದವರು ಒಂದು ಪ್ಲೇಟು ಮಿರ್ಚಿ ಭಜಿ, ಒಂದು ಸ್ಪೆಷಲ್ ಚಹಾ ಕೊಡಿಸುವುದು. ಸಕ್ಕರೆ ಇಳಿಸಿಕೊಂಡವನಿಗೆ ಈ ಬಹುಮಾನವನ್ನು ಯಾರು ಕಂಡುಹಿಡಿದರೋ ನನಗೆ ಇಂದಿಗೂ ಗೊತ್ತಾಗಿಲ್ಲ.

ದಿನಾಲೂ ಸಾಹುಕಾರರೇ ಗೆಲ್ಲುತ್ತಿದ್ದರು. ಉಳಿದವರಿಗೆ ಅನುಮಾನ ಬಂದು, ಎಲ್ಲರೂ ಮಶೀನು ಹಿಡಿದುಕೊಂಡು ನ್ಯಾಯಕ್ಕೆ ನನ್ನ ಬಳಿ ಬಂದರು. ಯಾವಾಗ ನೋಡಿಕೊಳ್ಳುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಹೆಡ್‌ಮಾಸ್ತರು ಮಂಡಕ್ಕಿ ಸುಸಲಾ ತಿಂದ ಮೇಲೆ, ಕಂಡಕ್ಟರು ಊಟ ಮಾಡಿ ಎದ್ದ ಮೇಲೆ. ಸಾಹುಕಾರರು ಮಾತ್ರ ಎದ್ದ ಕೂಡಲೇ, ಬಾಯಿಗೆ ನೀರು ಸಹ ಹಾಕದೆ. ಒಬ್ಬರು ಗುಡ್ಡದ ಕೆಳಗೆ, ಒಬ್ಬರು ಗುಡ್ಡದ ಮೇಲೆ ನಿಂತು ಯಾರು ಎತ್ತರ ಎಂದು ನೋಡಿಕೊಂಡಂತಾಗಿತ್ತು. ಬರೀ ಹೊಟ್ಟೆಯದು ಬೇರೆ, ಉಂಡ ಮೇಲಿನದು ಬೇರೆ, ಕೂಡಿಸಿ ನೋಡಬಾರದು ಎಂದು ಹೇಳಿ ಎಲ್ಲರಿಗೂ ಒಂದೇ ಹೊತ್ತು ಗೊತ್ತು ಮಾಡಿದೆ. ಮರುದಿನ ಹೆಡ್‌ಮಾಸ್ತರು ಗೆದ್ದರು.

ಸಾಹುಕಾರರು ನನ್ನ ಮೇಲೆ ಮುನಿಸಿಕೊಂಡಿರಬೇಕು ಎಂದುಕೊಂಡಿದ್ದೆ. ಅವರು ಒಬ್ಬರೇ ಬಂದು ಕೈ ಮುಗಿದರು.

"ಪುಣ್ಯ ಕಟ್ಟಿಕೊಂಡ್ರಿ ಅಕ್ಕೋರ. ಇನ್ನೊಂದು ತಿಂಗಳು ಗೆದ್ದಿದ್ರ ಆ ಭಜಿ ತಿಂದೇ ನಾ ಹೋಗಿಬಿಡ್ತಿದ್ದೆ."

ಕೋಲು ಮುಂದ

ಮತ್ತೆ ಶಿರವಾಳಕ್ಕೆ ಬರುತ್ತೇನೆ. ಆಯಿಯ ಮಗ ಒಂದು ಮಶೀನು ತಂದುಕೊಟ್ಟಿದ್ದ. ಚುಚ್ಚುವ ಕೆಲಸ ಮುತ್ಯಾನದು, ಕುರಿಯ ಗೊರಸಿನ ಮುಳ್ಳು ತೆಗೆದ ಕೈ ಅದು. ಆದರೆ ಮುತ್ಯಾನಿಗೆ ಅಂಕಿ ಓದಲು ಬಾರದು, ಆಯಿಗೆ ಕಾಣದು. ಓದಬಲ್ಲ ಸೊಸೆ ಮನೆಯಲ್ಲೇ ಇದ್ದರೂ, ದಿನಾಲೂ ಅವಳನ್ನು ಕೂಗಿ ಕೇಳಲು ಮಾವನಿಗೆ ಸಂಕೋಚ. ಹೀಗಾಗಿ ಮಶೀನು ಏನು ತೋರಿಸಿದರೂ ಮುತ್ಯಾ "ಚಲೋ ಅದ" ಎಂದು ಹೇಳಿ ಮುಚ್ಚಿಡುತ್ತಿದ್ದರು.

ನಾನು ಕಾಗದದ ಮೇಲೆ ಒಂದು, ಎರಡು ಎಂದು ಬರೆದು ಕಲಿಸಲು ಕೂತೆ. ಮುತ್ಯಾ ಒಂದನ್ನು ನೋಡಿ, ಇದು ನನ್ನ ಕೋಲಿನ ಹಂಗೇ ಅದಲ್ಲ ಎಂದರು. ನನಗೂ ಅಷ್ಟೇ ಬೇಕಾಗಿತ್ತು, ಉಳಿದ ಅಂಕಿಗಳನ್ನು ಕುರಿ ಎಂದೆ. ಕೋಲು ಮುಂದ, ಅದರ ಹಿಂದ ಎರಡು ಕುರಿ ಬಂದರೆ ಅದು ಎರಡು ನೂರರೊಳಗೆ, ಆಪರೇಷನ್‌ಗೆ ನಡೆಯುತ್ತದೆ. ಕೋಲು ಬಿಟ್ಟು ಬೇರೆ ಏನಾದರೂ ಮೂರು ಅಂಕಿಯಲ್ಲಿ ಮೊದಲಿಗೆ ನಿಂತಿದ್ದರೆ ಕುರಿ ಹಾದಿ ಬಿಟ್ಟಿವೆ, ಇನ್ನೂ ಪಥ್ಯ ಬೇಕು. ಮುತ್ಯಾನಿಗೆ ಇದು ಗಟ್ಟಿಯಾಗಿ ತಲೆಗೆ ಹತ್ತಿತು. ಒಮ್ಮೆ ಇನ್ನೂರಾ ಹದಿನಾಲ್ಕು ಬಂದಾಗ, ಕೋಲು ಅದ, ಆದರೆ ಕುರಿಯೊಳಗ ಸಿಕ್ಕೊಂಡಾದ ಎಂದು ಫೋನಿನಲ್ಲಿ ಹೇಳಿದರು. ಅದಕ್ಕಿಂತ ಸರಿಯಾಗಿ ನಮ್ಮ ಡಾಕ್ಟರಿಗೂ ಹೇಳಲು ಆಗುತ್ತಿರಲಿಲ್ಲ ಎಂದು ನಾನು ಮೆಚ್ಚಿಕೊಂಡೆ.

ಒಂದು ಮುಂಜಾನೆ ಇಬ್ಬರೂ ಮೊದಲ ಬಸ್ಸಿಗೇ ಬಂದಿಳಿದರು. ಮುತ್ಯಾನ ಕಣ್ಣಲ್ಲಿ ನೀರಿತ್ತು. ಮಶೀನು ನನ್ನ ಮುಂದೆ ಹಿಡಿದರು, ತೊಂಬತ್ತೆರಡು. ಇಷ್ಟು ಒಳ್ಳೆಯ ಅಂಕಿಗೆ ಯಾರಾದರೂ ಅಳುತ್ತಾರೆಯೇ ಎಂದು ನಾನು ನಕ್ಕೆ. ಮುತ್ಯಾ ನಗಲಿಲ್ಲ.

"ಎರಡೇ ಕುರಿ ಅವ. ಕೋಲು ಹಿಡದಾವ ಎಲ್ಲಿ ಹೋದ್ನರಿ?"

ತಪ್ಪು ನನ್ನದೇ, ಕೋಲು ಇಲ್ಲದಾಗ ಏನು ಎಂದು ಹೇಳಿಯೇ ಇರಲಿಲ್ಲ. ಕೂರಿಸಿ ತಿಳಿಸಿದೆ. ಬರೀ ಎರಡು ಕುರಿ ಕಂಡರೆ ಮೊದಲು ಆಯಿಯ ಮುಖ ನೋಡಬೇಕು. ಗೆಲುವಾಗಿದ್ದರೆ ತಡ ಮಾಡದೆ ಊಟ ಹಾಕಬೇಕು. ಬೆವರುತ್ತಿದ್ದರೆ, ನಡುಗುತ್ತಿದ್ದರೆ, ಮಾತು ಅಡ್ಡಾದಿಡ್ಡಿ ಆಗುತ್ತಿದ್ದರೆ ಸಕ್ಕರೆ ಇಳಿದುಹೋಗಿದೆ ಎಂದು ತಿಳಿದು, ಕೂಡಲೇ ಬಾಯಿಗೆ ಸಕ್ಕರೆ ಹಾಕಬೇಕು. ಮುತ್ಯಾ ಎಲ್ಲವನ್ನೂ ಕೇಳಿಸಿಕೊಂಡು, ಸಕ್ಕರೆ ರೋಗಕ್ಕೆ ಸಕ್ಕರೆಯನ್ನೇ ಕೊಡುವ ಡಾಕ್ಟರಿಕೆ ಎಂಥದ್ದು ಎಂದು ನನ್ನನ್ನು ಅನುಮಾನದಿಂದ ನೋಡಿದರು. ಆದರೂ ಅಂದಿನಿಂದ ಅವರ ಅಂಗಿಯ ಕಿಸೆಯಲ್ಲಿ ಒಂದು ಕಲ್ಲುಸಕ್ಕರೆಯ ಪುಡಿಕೆ ಸೇರಿಕೊಂಡಿತು.

ಬೀಗರ ಮುಂದೆ

ಮಗಳ ಕುಬಸದ, ಅಂದರೆ ಸೀಮಂತದ, ಮಾತಿಗೆ ಬೀಗರು ಬಂದಿದ್ದರಂತೆ. ಆಯಿ ಎದ್ದ ಕೂಡಲೇ ನಾನು ಹೇಳಿದ ಹಾಗೆ ಊಟಕ್ಕೆ ಮುಂಚಿನ ಗುಳಿಗೆ ನುಂಗಿದ್ದಳು. ಗುಳಿಗೆ ನುಂಗಿ ಅರ್ಧ ತಾಸಿಗೆ ಉಣ್ಣಬೇಕು ಎಂದು ನಾನು ಸಾರಿ ಸಾರಿ ಹೇಳಿದ್ದೆ. ಯಾರು ಉಣ್ಣಬೇಕು ಎಂದು ಹೇಳಿರಲಿಲ್ಲ. ಆ ಮನೆಯಲ್ಲಿ ಮೊದಲು ಮನೆಗೆ ಬಂದ ನೆಂಟರು ಉಣ್ಣಬೇಕು, ಆಮೇಲೆ ಗಂಡಸರು, ಎಲ್ಲರದೂ ಆದ ಮೇಲೆ ಆಯಿ. ಅಂದು ಬೀಗರು ಉಣ್ಣುತ್ತ ಮಾತಿಗೆ ಕೂತವರು ಏಳಲೇ ಇಲ್ಲ. ಆಯಿ ಕೈಯಿಂದ ತಡಕಾಡುತ್ತಲೇ ಒಲೆಯ ಮುಂದೆ ಕೂತು ಸೊಸೆಗೆ ರೊಟ್ಟಿ ಬೇಯಿಸಿಕೊಡುತ್ತಿದ್ದಳು. ಬೆವರಿದಳು, ಒಲೆಯ ಝಳ ಎಂದುಕೊಂಡರು. ಕೈ ನಡುಗಿತು, ವಯಸ್ಸು ಎಂದುಕೊಂಡರು.

ಆಮೇಲೆ ಬೀಗರೆಲ್ಲ ಕೂತಲ್ಲಿಗೆ ಬಂದು, ನಡುಮನೆಯಲ್ಲಿ ನಿಂತು, ಗಂಡನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದಳು.

ಎಲ್ಲರೂ ಉಣ್ಣುವ ಕೈ ಬಿಟ್ಟು ಕೂತರಂತೆ. ಬೀಗರಿಗೆ ನಾಚಿಕೆ, ಅವರ ಜೊತೆ ಬಂದಿದ್ದ ಮಗಳಿಗೆ ಅಳು. ಗಾಳಿ ಸೋಕಿದೆ, ಬೇವಿನ ಸೊಪ್ಪು ತನ್ನಿ ಎಂದು ಯಾರೋ ಅಂದರು. ಮುತ್ಯಾ ಮಾತ್ರ ಬೆಚ್ಚಿ ಎದ್ದು ಮಶೀನು ತಂದು ಚುಚ್ಚಿದರು. ಎರಡೇ ಕುರಿ, ಕೋಲು ಇಲ್ಲ. ಕಿಸೆಯ ಪುಡಿಕೆ ಬಿಚ್ಚಿ ಕಲ್ಲುಸಕ್ಕರೆ ಬಾಯಿಗಿಟ್ಟರು, ಸೊಸೆ ಸಕ್ಕರೆ ನೀರು ಕದಡಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಆಯಿಗೆ ತಿಳಿವು ಬಂತು. ತಾನು ಏನು ಕೂಗಿದೆ ಎಂದು ಗೊತ್ತಾದ ಮೇಲೆ ಬೀಗರು ಹೋಗುವ ತನಕ ಅಡಿಗೆಮನೆ ಬಿಟ್ಟು ಹೊರಗೆ ಬರಲಿಲ್ಲ.

ಇದನ್ನೆಲ್ಲ ಮರುದಿನ ಮುತ್ಯಾ ಆಸ್ಪತ್ರೆಗೆ ಬಂದು ನನಗೆ ಹೇಳಿದರು. ಒಂದಿಷ್ಟು ತಡವಾಗಿದ್ದರೆ ಆಯಿ ನಮ್ಮ ಕೈಬಿಟ್ಟು ಹೋಗುತ್ತಿದ್ದಳು. ಡಾಕ್ಟರು ಗುಳಿಗೆಯನ್ನು ಕಮ್ಮಿ ಮಾಡಿದರು. ನಾನು ಅಂಜಿಕೆಯಿಂದಲೇ ಮತ್ತೊಮ್ಮೆ ಲಕ್ಷಣಗಳನ್ನು ಮುತ್ಯಾನ ಬಾಯಿಂದ ಹೇಳಿಸಿದೆ. ಬೆವರು, ನಡುಕ, ಅಡ್ಡಾದಿಡ್ಡಿ ಮಾತು ಎಂದು ಸರಿಯಾಗಿ ಹೇಳಿದರು. ಹೇಳಿ ಮುಗಿಸಿ, ಮರೆತಿದ್ದನ್ನು ನನಗೇ ನೆನಪು ಮಾಡಿಕೊಟ್ಟರು.

"ಹೆಸರು ಹಿಡಿಯೋದನ್ನೂ ಸೇರಿಸಿಕೋರಿ. ನಮ್ಮಕಿಗೆ ಎಲ್ಲಕ್ಕಿಂತ ದೊಡ್ಡ ಲಕ್ಷಣ ಅದೇ ಅದ."

ಉಪ್ಪು ನೋಡುವುದು

ಗಂಡನಿಗಿಂತ ಮುಂಚೆ ಉಣ್ಣು ಎಂದು ಆಯಿಗೆ ಹೇಳಿದರೆ ಕಿವಿ ಮುಚ್ಚಿಕೊಂಡಳು. ಸಿಟ್ಟು ಮಾಡಿದೆ, ಕಣ್ಣಿನ ಆಸೆ ತೋರಿಸಿದೆ, ಕೂಸಿನ ಆಸೆ ತೋರಿಸಿದೆ. ಅವರು ಉಪವಾಸ ಕೂತಿರುವಾಗ ತನ್ನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಎಂದಳು. ಮುತ್ಯಾ ಕೋಲಿನ ತುದಿಯಿಂದ ನೆಲ ಕೆರೆಯುತ್ತಾ ಕೂತಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಮುಂದಿನ ಸಲ ಬಂದಾಗ ಆಯಿಯ ಸಕ್ಕರೆ ಹದಕ್ಕೆ ಬಂದಿತ್ತು, ತಲೆ ತಿರುಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿಯೇನು ಎಂದು ಕೇಳಿದೆ. ಇಲ್ಲ ಯವ್ವಾ, ಅವರದಾದ ಮೇಲೆಯೇ ನನ್ನ ಊಟ ಎಂದಳು. ನಾನು ಮುತ್ಯಾನ ಮುಖ ನೋಡಿದೆ. ಅವರು ನನ್ನನ್ನು ಬಾಗಿಲ ಆಚೆ ಕರೆದುಕೊಂಡು ಹೋಗಿ ದನಿ ತಗ್ಗಿಸಿ ಹೇಳಿದರು. ಗುಳಿಗೆ ನುಂಗಿಸಿದ ಮೇಲೆ ತಾವು ತಾಟಿನ ಮುಂದೆ ಕೂತು, ಪಲ್ಯಕ್ಕೆ ಉಪ್ಪು ಸರಿ ಅದೇನು ನೋಡು ಎಂದು ಹೆಂಡತಿಗೆ ಹೇಳುತ್ತಾರಂತೆ. ಉಪ್ಪು ನೋಡುವುದು ಊಟವಲ್ಲವಲ್ಲ. ಆಯಿ ರೊಟ್ಟಿಯ ಚೂರಿನಲ್ಲಿ ನೋಡಿ ಸರಿ ಅದ ಎನ್ನುತ್ತಾಳೆ. ಇವರು ನನಗ್ಯಾಕೋ ಸಪ್ಪಗೆ ಕಾಣುತ್ತದೆ, ಮತ್ತೊಮ್ಮೆ ನೋಡು ಎನ್ನುತ್ತಾರೆ. ಅದನ್ನು ಕೇಳಿ ನನ್ನ ಕಣ್ಣು ತುಂಬಿಬಂತು, ಹಿಂದಿನ ಸಲದ ಸಿಟ್ಟಿಗೆ ನಾಚಿಕೆಯೂ ಆಯಿತು.

"ನಮ್ಮ ಮನಿಯಾಗ ದಿನಾ ಉಪ್ಪು ನೋಡಾಕ ಒಂದೂವರಿ ರೊಟ್ಟಿ ಹಿಡೀತದರಿ" ಎಂದರು ಮುತ್ಯಾ.

ಪಟ್ಟಿ ಬಿಚ್ಚಿದ ದಿನ

ಕೋಲು ಮುಂದೆಯೇ ನಿಂತಿತು. ಒಂದು ಕಣ್ಣಿನ ಆಪರೇಷನ್ ಯಾದಗಿರಿಯಲ್ಲಿ ಆಯಿತು. ಪಟ್ಟಿ ಬಿಚ್ಚುವ ದಿನ ನಾನು ಮೀಟಿಂಗಿಗೆಂದು ಅಲ್ಲಿಗೆ ಹೋಗಿದ್ದೆ, ಮೀಟಿಂಗು ಮುಗಿಯುವ ಮುಂಚೆಯೇ ಎದ್ದು ಓಡಿದೆ. ಆಯಿ ಮಂಚದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಅರ್ಧ ಹೊಲಿದ ಕೌದಿ, ಕೌದಿಗೆ ಸಿಕ್ಕಿಸಿದ ಸೂಜಿ. ಮಗಳಿಗೆ ದಿನ ತುಂಬುತ್ತಾ ಬಂದಿತ್ತು. ಆಸ್ಪತ್ರೆಗೆ ಇದೆಲ್ಲ ಯಾಕೆ ಎಂದರೆ, ಕಣ್ಣು ಬಂದ ಮೇಲೆ ಊರು ಮುಟ್ಟುವ ತನಕ ಯಾರು ಕಾಯುತ್ತಾರೆ ಎಂದಳು. ಮುತ್ಯಾ ಬಾಗಿಲ ಬಳಿ ಕೋಲು ಊರಿ ನಿಂತಿದ್ದರು. ಹತ್ತಿರ ಬನ್ನಿ ಎಂದರೆ ಬರಲಿಲ್ಲ. ಕಾಣದಿದ್ದರೆ ಎಂಬ ಅಂಜಿಕೆ ಅವರ ಮುಖದ ಮೇಲೆ ಬರೆದಂತಿತ್ತು.

ಡಾಕ್ಟರು ಪಟ್ಟಿ ಬಿಚ್ಚಿ, ಕಣ್ಣು ಒರೆಸಿ, ಮುಂದೆ ಬೆರಳು ಹಿಡಿದು ಎಷ್ಟು ಹೇಳು ಎಂದರು. ಆಯಿ ಬೆರಳು ನೋಡಲಿಲ್ಲ. ಕೌದಿಯನ್ನೂ ನೋಡಲಿಲ್ಲ. ಡಾಕ್ಟರ ಹೆಗಲ ಮೇಲಿಂದ ಬಾಗಿಲ ಕಡೆಗೆ ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ, ಗಂಡನ ಹೆಸರು ಹಿಡಿದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಆಯಿಯದು.

"ಎಷ್ಟು ಸೊರಗೀರಲ್ಲ" ಎಂದಳು.

ಆ ಮಾತು ಮುತ್ಯಾನ ಕಿವಿಗೆ ಬೀಳಲೇ ಇಲ್ಲ. ಹೆಸರು ಕೇಳಿದ್ದೇ ತಡ, ಕೋಲು ಅಲ್ಲಿಯೇ ಬಿಟ್ಟು ಓಡಿ ಬಂದರು. ಡಾಕ್ಟರನ್ನು ಪಕ್ಕಕ್ಕೆ ಸರಿಸಿ, ಕಿಸೆಯ ಪುಡಿಕೆ ಕಿತ್ತು, ಕಲ್ಲುಸಕ್ಕರೆಯ ಹರಳೊಂದನ್ನು ಹೆಂಡತಿಯ ಬಾಯಿಗೆ ಹಿಡಿದರು. ಆಯಿ ತುಟಿ ಬಿಗಿಹಿಡಿದು ಮುಖ ಹಿಂದಕ್ಕೆ ತೆಗೆದಳು. ಅಕ್ಕೋರ, ಮಶೀನು, ಮಶೀನು ಎಂದು ನನ್ನ ಕಡೆ ಒದರಿದರು. ಅವರ ಅವಸ್ಥೆ ನೋಡಲಾರದೆ ನಾನೇ ಚುಚ್ಚಿ ತೋರಿಸಿದೆ. ಮುತ್ಯಾ ಮಶೀನನ್ನು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ಮತ್ತೊಮ್ಮೆ ನೋಡಿದರು.

"ಕೋಲು ಮುಂದೇ ಅದ. ಎರಡೂ ಕುರಿ ಹಿಂದೇ ಅವ. ಮತ್ತ ಹೆಸರ್ಯಾಕ ಹಿಡದಿ?"

"ಮಾರಿ ಕಾಣಿಸ್ತು. ಹಿಡೀಬೇಕನಿಸ್ತು, ಹಿಡದೆ" ಎಂದಳು ಆಯಿ. ಅಷ್ಟು ಹೇಳಿ ಕೌದಿಯಿಂದ ಸೂಜಿ ತೆಗೆದು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಪೋಣಿಸಲು ಕೂತಳು. ಡಾಕ್ಟರು ಈಗಲೇ ಬೇಡ ಎನ್ನುವಷ್ಟರಲ್ಲಿ ದಾರ ಸೂಜಿಯ ಆಚೆ ಬಂದಾಗಿತ್ತು.

ಮುತ್ಯಾ ಕಲ್ಲುಸಕ್ಕರೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಹಣೆಯ ಮೇಲೆ ಬೆವರು ಮೂಡಿತ್ತು, ಕೈ ನಡುಗುತ್ತಿತ್ತು. ಒಮ್ಮೆ ಹೆಂಡತಿಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಆ ಹರಳನ್ನು ತಮ್ಮ ಬಾಯಿಗೆ ಹಾಕಿಕೊಂಡು ಮಂಚದ ಅಂಚಿಗೆ ಕೂತರು.

"ಈಗ ನನಗೇ ಇಳದಂಗ ಆಗ್ಯಾದ್ರಿ, ಅಕ್ಕೋರ" ಎಂದರು.